ದೀಪ ಹಚ್ಚಿದ ಮೇಲಿನ ಕಸಬರಗಿ

ದೇಸೂರ,
12 ನವೆಂಬರ್ 2025, ಮಧ್ಯಾಹ್ನ

ಪ್ರೀತಿಯ ಶರ್ವರಿ ವೈನಿಗೆ,

ಜೈ ಜಿನೇಂದ್ರ. ಹೆರಿಗೆಗೆಂದು ನೀವು ಖಾನಾಪುರದ ತವರಿಗೆ ಹೋದಾಗಿನಿಂದ ಬರೆಯಲು ಕೂರುತ್ತೇನೆ, ಏಳುತ್ತೇನೆ. ತಡವಾಯಿತು, ಸಿಟ್ಟಾಗಬೇಡಿ. ಫೋನ್ ಮಾಡಿದರೆ ನಿಮ್ಮ ಅವ್ವ ಎತ್ತಿ, "ಶರ್ವರಿ ಮಲ್ಕೊಂಡಾಳ" ಎನ್ನುತ್ತಾರೆ. ಅವರ ಮುಂದೆ ಎಲ್ಲ ಹೇಳಲಾಗದೆ ಫೋನ್ ಇಟ್ಟುಬಿಡುತ್ತೇನೆ.

ನಿಮ್ಮ ಯಜಮಾನ, ನಮ್ಮ ಪಾರ್ಶ್ವ ಅಣ್ಣ, ನನ್ನನ್ನೂ ತನ್ನ ಘಟಕಕ್ಕೆ ಸೇರಿಸಿದ್ದಾನೆ. ಕನ್ನಡ, ಮರಾಠಿಯಲ್ಲಿ ಎಚ್ಚರಿಕೆಯ ಫಲಕ ಬರೆಯುವುದು ನನ್ನ ಕೆಲಸ. ಎಂ.ಎ. ಓದಿದ್ದು ಇದಕ್ಕಾದರೂ ಬಂತು. ಭತ್ತದ ಹೊಟ್ಟು, ಕಬ್ಬಿನ ಒಣ ಎಲೆಯ ರವದಿ, ಬೆಳಗಾವಿ ಮಾರ್ಕೆಟ್ಟಿನ ಕೊಳೆತ ಕಾಯಿಪಲ್ಲೆ ಇಲ್ಲಿ ಹೈಡ್ರೋಜನ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪೈಪು ಸೋರಿ ಹೊತ್ತಿಕೊಂಡರೆ, ಶೆಡ್ಡಿನ ಬಿಳಿ ಬೆಳಕಿನಲ್ಲಿ ಉರಿಯೂ ಕಾಣುವುದಿಲ್ಲ.

ಅದಕ್ಕೇ ಪೈಪಿನ ಹತ್ತಿರ ಹೋಗುವವರು ಕಸಬರಗಿಯನ್ನು ಮುಂದೆ ಚಾಚಿಕೊಂಡು ನಡೆಯಬೇಕೆಂದು ಅಣ್ಣನೇ ಕಲಿಸಿದ್ದು. ತುದಿ ಹೊತ್ತಿದರೆ ಅಲ್ಲೇ ನಿಲ್ಲಬೇಕು. "ಉರಿ ನಿಮ್ಮ ಕಣ್ಣಿಗೆ ಕಾಣೂದಿಲ್ಲ, ಕಸಬರಗಿಗೆ ಕಾಣ್ತೈತಿ" ಎನ್ನುತ್ತಾನೆ. ಹೊಟ್ಟು ತುಂಬುವ ಮಾಯಕ್ಕ ಛೇಡಿಸುತ್ತಾಳೆ: "ಸಾಹೇಬ್ರ, ಮನ್ಯಾಗ ಶರ್ವರಿ ಬಾಯಾರ ಕೈಯಾಗ ಕಸಬರಗಿ, ಇಲ್ಲಿ ನಿಮ್ಮ ಕೈಯಾಗ. ಚಲೋ ಜೋಡಿ ಬಿಡ್ರಿ!"

ಈ ವಾರ ಅಣ್ಣನಿಗೆ ಸಂಜೆಯ ಪಾಳಿ. ಗೇಟಿನಾಚೆಯ ಗುಡಿಯಲ್ಲಿ ದೀಪ ಹಚ್ಚಿದ್ದೇ ತಡ, ಅವನು ಕಸಬರಗಿಯನ್ನು ಮೂಲೆಗಿಟ್ಟು ಬರಿಗೈಲಿ ಪೈಪುಗಳ ನಡುವೆ ಹೋಗುತ್ತಾನೆ.

"ಯಾಕ್ರೀ, ನಮಗ ಹೇಳಿದ್ದು ನಿಮಗಿಲ್ಲೇನು?" ಎಂದಳು ಮಾಯಕ್ಕ.

ಅಣ್ಣ ನಗಲಿಲ್ಲ. "ಮಾತು ಕೊಟ್ಟೇನಿ ಮಾಯಕ್ಕ. ಕೂಸು ಹುಟ್ಟೂತನಕ."

ಹೊತ್ತು ಹೊತ್ತಿಗೆ ಊಟ ಮಾಡಿ. ನಿಮಗೂ ಕೂಸಿಗೂ ಎಲ್ಲ ಸುಸೂತ್ರವಾಗಲಿ. ನಿಮ್ಮ ಅವ್ವನಿಗೆ ನನ್ನ ನಮಸ್ಕಾರ.

ನಿಮ್ಮ ನಾದಿನಿ,
ತ್ರಿಶಲಾ

ತಾ.ಕ.: ನಿಮ್ಮನ್ನು ಹೆದರಿಸಬಾರದೆಂದು ಇದನ್ನು ಕೊನೆಗಿಟ್ಟೆ. ನಿನ್ನೆ ಸಂಜೆ ಅಣ್ಣ ವಾಲ್ವ್ ತಿರುಗಿಸಲು ಬಲಗೈ ಚಾಚಿದ. ಅಲ್ಲಿ ಕಣ್ಣಿಗೆ ಏನೂ ಕಾಣಲಿಲ್ಲ. ಅಂಗಿಯ ತೋಳು ತಾನಾಗಿಯೇ ಕಪ್ಪಾಯಿತು. ಅಂಗೈ ಸುಟ್ಟಿದೆ. ವೈನಿಗೆ ಹೇಳಬೇಡ ಎಂದಿದ್ದಾನೆ. ಇಂದೂ ಪಟ್ಟಿ ಕಟ್ಟಿಕೊಂಡು ಬರುತ್ತಾನಂತೆ, ಕಸಬರಗಿ ಮಾತ್ರ ಹಿಡಿಯುವುದಿಲ್ಲವಂತೆ.

ತವರಿಗೆ ಹೊರಟ ದಿನ ಹೊಸ್ತಿಲಲ್ಲಿ ನೀವು ಅವನ ಕೈಯನ್ನು ನಿಮ್ಮ ಹೊಟ್ಟೆಯ ಮೇಲಿಟ್ಟುಕೊಂಡು, "ದೀಪ ಹಚ್ಚಿದ ಮ್ಯಾಲ ಕಸಬರಗಿ ಮುಟ್ಟಬ್ಯಾಡ್ರಿ, ಕೂಸಿನ ಲಕ್ಷ್ಮಿ ಹೊರಗ ಹೋಗ್ತಾಳ" ಎಂದು ಆಣೆ ಮಾಡಿಸಿಕೊಂಡಿರಿ. ಸುಟ್ಟಿದ್ದು ಅದೇ ಕೈ.

ನನ್ನ ಮಾತು ಅವನು ಕೇಳುವುದಿಲ್ಲ. ಮಾಯಕ್ಕ ಈ ಪತ್ರ ಹಿಡಿದು ಈಗಿನ ರೈಲಿಗೇ ಹೊರಟಿದ್ದಾಳೆ. ಓದಿದ ಕೂಡಲೇ ಅವನಿಗೆ ಫೋನ್ ಮಾಡಿ ಆಣೆ ಬಿಡಿಸಿ ವೈನಿ, ದೀಪ ಹಚ್ಚುವುದರೊಳಗೆ.