ಬಲಗಡೆ ಕುರ್ಚಿಯವಳು

ಜೂನ್ 2, ಸೋಮವಾರ

ಇವತ್ತು ಪ್ರಯೋಗಕ್ಕೆ ಮೂರು ಜನ. ಮೂವರಿಗೂ ಮುಖ ಕೊಡಲಿಲ್ಲ. ಕೆನ್ನೆ ನೋಯುತ್ತಿದೆ. ನಗದೇ ಕೂರೋದಕ್ಕೂ ಸ್ನಾಯು ಬೇಕು ಅಂತ ಈ ಕೆಲಸಕ್ಕೆ ಸೇರಿದ ಮೇಲೇ ಗೊತ್ತಾಗಿದ್ದು.

ಎರಡನೆಯವಳು ಕಾಲೇಜು ಹುಡುಗಿ. ‘ಈ ಕೆಲಸಕ್ಕೆ ನಾನೇ ಯಾಕೆ ಸರಿ’ ಅನ್ನೋ ಭಾಷಣ ಹೇಗೋ ಒಪ್ಪಿಸಿದಳು. ಲೆಕ್ಕದಲ್ಲಿ ಬಿದ್ದಳು. ಸಾವಿರದ ಇಪ್ಪತ್ತೆರಡರಿಂದ ಹದಿಮೂರು ಹದಿಮೂರು ಕಳೆಯುತ್ತಾ ಬರಬೇಕು, ಜೋರಾಗಿ, ನಮ್ಮ ಮುಂದೆ, ಕ್ಯಾಮೆರಾ ಮುಂದೆ. ತಪ್ಪಿದ ಕೂಡಲೇ ನನ್ನ ಡೈಲಾಗ್: “ತಪ್ಪು. ಮೊದಲಿಂದ ಶುರು ಮಾಡಿ.” ಅವಳ ಕತ್ತು ಕೆಂಪಾಯಿತು. ಪಾಪ ಅನ್ನಿಸಿತು. ಆದರೆ ನನಗೆ ಸಂಬಳ ಕೊಡೋದೇ ಪಾಪ ಅನ್ನಿಸಿದ್ದನ್ನ ತೋರಿಸದೆ ಕೂರೋದಕ್ಕೆ.

ಆಮೇಲೆ ಹತ್ತಿ ತುಂಡು ಅಗಿಸಿ ಟ್ಯೂಬಿಗೆ ಹಾಕಿಸುತ್ತಾರೆ. ಹೆದರಿದಾಗ ಮೈಯಲ್ಲಿ ಏಳುವ ಹಾರ್ಮೋನು ಎಂಜಲಲ್ಲೂ ಸಿಗುತ್ತಂತೆ. ಕೊನೆಗೆ ಎಲ್ಲರೂ ನಗೋ ರೂಮಿಗೆ. ಹಾಗೆ ಹೆಸರಿಟ್ಟವನು ಗಡ್ಡ — ಎಡಗಡೆ ಕುರ್ಚಿಯವನು, ಪಿಎಚ್‌ಡಿ ಮಾಡುತ್ತಿದ್ದಾನೆ. ಅಲ್ಲಿ ಬಿಳಿ ಕೋಟು ಬಿಚ್ಚಿ, ಹಲ್ಲು ಕಿರಿದು, “ಇದೆಲ್ಲ ನಟನೆ, ನಿಮ್ಮ ತಪ್ಪೇನೂ ಇಲ್ಲ” ಅನ್ನಬೇಕು. ನಿಯಮ. ಹೆದರಿಸಿ ಹಾಗೇ ಮನೆಗೆ ಕಳಿಸೋ ಹಾಗಿಲ್ಲ.

ಹುಡುಗಿ ನಕ್ಕಳು. ನಾನೂ ನಕ್ಕೆ. ಕೆನ್ನೆ ಇನ್ನಷ್ಟು ನೋವು.

ಜೂನ್ 4, ಬುಧವಾರ

ಅವನು ಬಂದ.

ಕಾರಿಡಾರಿನಲ್ಲಿ ನೀರು ಹಿಡಿಯುತ್ತಿದ್ದೆ. ಮೊದಲು ಕೆಮ್ಮು ಕೇಳಿಸಿತು. ಪರದೆ ಏಳುವ ಮುಂಚೆ ಕೆಮ್ಮುತ್ತಿದ್ದನಲ್ಲ, ಅದೇ. ಲೋಟ ತುಂಬಿ ನೀರು ಕಾಲಿನ ಮೇಲೆ ಸುರಿಯಿತು.

ನಾಟಕದ ನಿರ್ದೇಶಕರು! ಆಗ ಎಲ್ಲರಿಗೂ ‘ಸರ್’. ಈಗಲೂ ಎದುರಿಗೆ ಸರ್ ಅಂತಲೇ ಬಾಯಿಗೆ ಬಂದೀತು, ಹಾಳು ಬಾಯಿ. ಇಲ್ಲಿ ಮಾತ್ರ ಅವನು. ಅವನೇ. ಕೂದಲು ಹೋಗಿದೆ, ಹೆಗಲು ಜಗ್ಗಿದೆ. ಮರೆವು ಶುರುವಾದ ಹಿರಿಯರ ಗುಂಪಿಗೆ ಹೆಸರು ಕೊಟ್ಟಿದ್ದಾನೆ. ಇವತ್ತು ಬರೀ ಬಿಪಿ, ಸಹಿ, ಒಂದಷ್ಟು ಪ್ರಶ್ನೆ. ಪರೀಕ್ಷೆ ಮುಂದಿನ ವಾರ.

ಪಕ್ಕದಲ್ಲಿ ಹೆಂಡತಿ. ಕೌಂಟರಿನವಳು “ಇವತ್ತು ಯಾವ ವಾರ ಸರ್?” ಅಂದಳು. ಅವನು ಹೆಂಡತಿ ಕಡೆ ನೋಡಿದ. ಅವಳು ತುಟಿ ಅಲುಗಿಸದೆ “ಬುಧವಾರ” ಅಂದಳು. “ಬುಧವಾರ!” ಅಂತ ಅವನು ಗತ್ತಿನಲ್ಲಿ ಘೋಷಿಸಿದ.

ಮೈಯೆಲ್ಲ ಉರಿಯಿತು. ಓಹೋ. ಈಗ ಹೇಳಿಕೊಡೋದಕ್ಕೆ ಬರುತ್ತೆ ಇವಳಿಗೆ.

ಪರಿಚಯದವರು ಬಂದರೆ ಮೇಡಂಗೆ ತಿಳಿಸಿ ಕುರ್ಚಿ ಬಿಡಬೇಕು — ಈ ಪ್ರಯೋಗವೆಲ್ಲ ಅವರದ್ದೇ, ನಿಯಮವೂ ಅವರದ್ದೇ. ತಿಳಿಸಲಿಲ್ಲ. ತಿಳಿಸೋದೂ ಇಲ್ಲ.

ಹೊರಡುವಾಗ ನನ್ನ ಮುಖವನ್ನೇ ನೋಡಿದ. ಉಸಿರು ಬಿಗಿಹಿಡಿದೆ. “ಬಾತ್‌ರೂಮ್ ಎಲ್ಲಮ್ಮಾ?” ಅಂದ. ತೋರಿಸಿದೆ. ತಪ್ಪು ದಾರಿ ತೋರಿಸಬಹುದಿತ್ತು ಅಂತ ಬಸ್ಸು ಹತ್ತಿದ ಮೇಲೆ ಹೊಳೆಯಿತು.

ಜೂನ್ 5, ಬೆಳಗ್ಗೆ

ಬರೆದುಬಿಡುತ್ತೇನೆ. ಇಷ್ಟು ವರ್ಷ ಬರೆದಿಲ್ಲ.

ಹತ್ತೊಂಬತ್ತು ನನಗೆ. ಕೋರ್ಟಿನ ನಾಟಕ. ನಾನು ಸಾಕ್ಷಿ. ಹಸಿರು ಬಟ್ಟೆ, ಕತ್ತಿನವರೆಗೆ ಗುಂಡಿ. ರಿಹರ್ಸಲ್ ಪೂರ್ತಿ ಅವನ ಬೈಗುಳ. ಒಂದು ಮಾತು ತಪ್ಪಿದರೆ ‘ಮೊದಲಿಂದ!’ ಎಲ್ಲರೂ ಕಾಯಬೇಕು, ನನ್ನಿಂದ. ಕೊನೆಕೊನೆಗೆ ಅವನ ಚಪ್ಪಲಿ ಸದ್ದು ಕೇಳಿದರೇ ಕೈ ತಣ್ಣಗಾಗುತ್ತಿತ್ತು.

ಮೊದಲ ಪ್ರದರ್ಶನ. ಹೌಸ್‌ಫುಲ್. ಕಟಕಟೆಯಲ್ಲಿ ನಿಂತೆ. ವಕೀಲ ಪ್ರಶ್ನೆ ಕೇಳಿದ. ತಲೆಯಲ್ಲಿ ಏನೂ ಇಲ್ಲ. ಅಂದರೆ ಏನೂ ಇಲ್ಲ. ಸೈಡ್ ವಿಂಗ್ ಕಡೆ ನೋಡಿದೆ. ಮರೆತ ಮಾತು ಹೇಳಿಕೊಡಲು ಅವನ ಹೆಂಡತಿಯೇ ಸ್ಕ್ರಿಪ್ಟು ಹಿಡಿದು ನಿಂತಿದ್ದಳು. ಬಾಯಿ ತೆರೆದಳು. ಹಿಂದಿನಿಂದ ಅವನು ಅವಳ ತೋಳು ಹಿಡಿದು ಹೇಳಿದ್ದು ನನಗೂ ಕೇಳಿಸಿತು. “ಬೇಡ. ನಿಂತಿರ್ಲಿ. ಬುದ್ಧಿ ಬರುತ್ತೆ.”

ನಿಂತೆ. ಯಾರೋ ಸಿಳ್ಳೆ ಹೊಡೆದರು. ನಕ್ಕರು. ವಕೀಲನೂ ನಕ್ಕ. ಪರದೆ ಎಳೆಯುವವರೆಗೆ ನಿಂತೇ ಇದ್ದೆ.

‘ಬಾಗಿಲು ತೆಗೆದದ್ದು ನಾನೇ.’ ಇಷ್ಟೇ ಮಾತು. ಆಮೇಲೆ ಒಂದು ದಿನವೂ ಮರೆತಿಲ್ಲ. ಹಲ್ಲುಜ್ಜುವಾಗಲೂ ಬರುತ್ತೆ. ಮರೆತದ್ದು ಬೇರೆಲ್ಲ — ಇಂಟರ್‌ವ್ಯೂನಲ್ಲಿ ಓದಿದ್ದು, ಬ್ಯಾಂಕಿನಲ್ಲಿ ಪಿನ್, ಮದುವೆ ರಿಜಿಸ್ಟ್ರಾರ್ ಮುಂದೆ ಸ್ವಂತ ಅಪ್ಪನ ಹೆಸರು. ಎದುರಿಗೆ ಮೇಜು ಹಾಕಿಕೊಂಡು ಯಾರಾದರೂ ಕೂತರೆ ಮುಗೀತು. ಅದಕ್ಕೇ ಮೇಜಿನ ಈ ಕಡೆ ಕೆಲಸ ಸಿಕ್ಕಾಗ ಓಡೋಡಿ ಬಂದೆ.

ಅವನಿಗೋ, ಬಾತ್‌ರೂಮ್ ಎಲ್ಲಮ್ಮಾ.

ಜೂನ್ 9, ಸೋಮವಾರ

ಊಟದ ಹೊತ್ತಿಗೆ ಮೇಡಂ ಒಳ್ಳೆ ಮೂಡಲ್ಲಿದ್ದರು. ಕೇಳಿದೆ, ಹೆದರಿದಾಗ ಗೊತ್ತಿರೋದು ಯಾಕೆ ಮರೆತುಹೋಗುತ್ತೆ ಅಂತ.

“ಹಾರ್ಮೋನ್ ಏರಿದಾಗ ಒಳಗಿರೋದು ಹೊರಗೆ ಬರಲ್ಲ. ಆದ್ರೆ ಆ ಹೊತ್ತಲ್ಲಿ ನಡೆದದ್ದು ಮಾತ್ರ ಗಟ್ಟಿಯಾಗಿ ಅಂಟ್ಕೊಳ್ಳುತ್ತೆ. ಪಾಠ ಮರೀತೀರಿ, ಹೊಡೆದ ಮೇಷ್ಟ್ರ ಮುಖ ಮರೆಯಲ್ಲ.”

“ಎಲ್ಲ ವಯಸ್ಸಲ್ಲೂ ಹಾಗೇನಾ?”

“ಚಿಕ್ಕ ವಯಸ್ಸಲ್ಲಿ ತುಂಬಾ ಹೆದರಿದ್ರೆ ಒಳಗಿರೋ ಹೆದರಿಕೆ ಅಲಾರಂ ಮುಂದೆ ಸಣ್ಣಪುಟ್ಟದಕ್ಕೂ ಹೊಡ್ಕೊಳ್ಳುತ್ತೆ. ವಯಸ್ಸಾದ ಮೇಲೆ ಹೊಡ್ಕೊಂಡಿದ್ದು ಬೇಗ ನಿಲ್ಲಲ್ಲ. ವರ್ಷಗಟ್ಟಲೆ ಹೊಡೀತಾನೇ ಇದ್ರೆ ನೆನಪಿಡೋ ಜಾಗಾನೇ ಸವೆಯುತ್ತೆ.”

“ಮರೆವು ಇರೋರಿಗೂ ಅಂಟ್ಕೊಳ್ಳುತ್ತಾ?”

“ಅದನ್ನೇ ತಾನೇ ನಾವು ನೋಡ್ತಿರೋದು? ಪರೀಕ್ಷೆ ಆಗಿ ಅರ್ಧ ಗಂಟೆ ಹಾರ್ಮೋನ್ ಮೇಲಿರುತ್ತೆ. ವಾರ ಬಿಟ್ಟು ಕರೆಸಿ, ಏನು ಉಳೀತು ಅಂತ ಕೇಳ್ತೀವಿ. ಯಾಕೆ, ನೀವೂ ಪಿಎಚ್‌ಡಿ ಮಾಡ್ತೀರಾ?”

ನಕ್ಕೆ. ಅವರ ಡಬ್ಬಿಯಿಂದ ಒಂದು ತುಂಡು ಹಣ್ಣು ತಿಂದೆ. ಒಳಗೆ ಲೆಕ್ಕ ಓಡುತ್ತಿತ್ತು. ಪರೀಕ್ಷೆ ಮುಗಿದ ಮೇಲಿನ ಆ ಅರ್ಧ ಗಂಟೆ ಅವನು ಇರೋದು ನಗೋ ರೂಮಿನಲ್ಲಿ. ನನ್ನ ಎದುರಿಗೆ. ಆಗ ಹೇಳಿದ್ದು ಅಂಟಿಕೊಳ್ಳುತ್ತೆ. ಹೆಂಡತಿಯ ಹೆಸರೂ ಹೋಗಲಿ, ಮನೆ ದಾರಿಯೂ ಹೋಗಲಿ. ನಾನು ಉಳಿಯಬೇಕು.

ಜೂನ್ 10

ಅಕ್ಕನಿಗೆ ಹೇಳಬಾರದಿತ್ತು. ಇಸ್ತ್ರಿ ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ ನನ್ನನ್ನೇ ನೋಡಿದಳು.

“ಇನ್ನೂ ಅದನ್ನೇ ಹಿಡ್ಕೊಂಡು ಕೂತಿದ್ದೀಯೇನೇ? ಆ ಮುದುಕನಿಗೆ ನೆನಪೇ ಇಲ್ಲ ಅಂತೀಯ. ಯಾರ ಮೇಲೆ ಸೇಡು ತೀರಿಸ್ಕೋತೀಯ?”

“ನೆನಪು ಮಾಡಿಸ್ತೀನಿ.”

“ಆಮೇಲೆ?”

“ಆಮೇಲೇನೂ ಇಲ್ಲ. ನಂಗಿರೋದು ಅವನಿಗೂ ಇರ್ಲಿ.”

“ಅಮ್ಮನೂ ಹೇಳ್ತಾನೇ ಹೋದಳು, ಬಿಟ್ಹಾಕು ಬಿಟ್ಹಾಕು ಅಂತ.”

ಎಲ್ಲರೂ ಹೇಳಿದ್ದು ಅದೇ. ಅಮ್ಮ, ಅಕ್ಕ, ಗಂಡ ಆಗಿದ್ದವನು. ‘ಅಯ್ಯೋ, ಒಂದು ನಾಟಕ ತಾನೇ.’ ಒಬ್ಬರಾದರೂ ‘ಎಂಥಾ ನೀಚ’ ಅನ್ನಲಿಲ್ಲ.

ಜೂನ್ 12, ಗುರುವಾರ — ಸಂಜೆ

ಹೊಟ್ಟೆ ತಣ್ಣಗಾಯಿತು!

ಕ್ರಮವಾಗಿ ಬರೆಯಬೇಕು. ಒಳಗೆ ಬಂದವನೇ ಬೆಳಕು ಎಲ್ಲಿದೆ ಅಂತ ನೋಡಿ, ಸರಿಯಾಗಿ ಅದರ ಕೆಳಗೆ ನಿಂತ. ಭಾಷಣ ಶುರು. ಅದೇ ಕಂಚಿನ ಕಂಠ. ಗಡ್ಡ ಮರುಳಾಗೋದರಲ್ಲಿದ್ದ, ಮೇಜಿನ ಕೆಳಗೆ ಅವನ ಕಾಲು ತುಳಿದೆ. ಭಾಷಣದ ಮಧ್ಯೆ ಒಂದು ಜೋಕು ಹೊಡೆದ, ನಗುವಿಗೆ ಜಾಗ ಬಿಟ್ಟು ಕಾದ. ನಾವು ನಗಲಿಲ್ಲ. ಕಾದ... ಅಲ್ಲೇ ಸಡಿಲವಾಯಿತು. ಮುಂದೇನು ಅಂತ ಮರೆತುಹೋಯಿತು.

“ಇನ್ನೂ ಸಮಯ ಇದೆ. ಮುಂದುವರಿಸಿ.”

ಲೆಕ್ಕ. ಸಾವಿರದ ಒಂಬತ್ತು ಅಂದ. ಆಮೇಲೆ ಬಾಗಿಲ ಕಡೆ ನೋಡಿದ. ಬಾಗಿಲ ಆಚೆ ಹೆಂಡತಿ, ಒಳಗೆ ಬಿಡುವಂತಿಲ್ಲ. “ಒಂಬೈನೂರ... ಒಂಬೈನೂರ...”

“ತಪ್ಪು. ಮೊದಲಿಂದ ಶುರು ಮಾಡಿ.”

ಮತ್ತೆ. ಮತ್ತೆ. ಹಣೆಯಲ್ಲಿ ಬೆವರು. ಕೈ ಶಾಲಿನ ತುದಿ ಹಿಸುಕುತ್ತಿತ್ತು.

“ನಮ್ಮನೆಯವಳನ್ನ ಸ್ವಲ್ಪ ಕರೀತೀರಾ?”

“ಮೊದಲಿಂದ ಶುರು ಮಾಡಿ.”

ಎಲ್ಲ ನಿಯಮದ ಪ್ರಕಾರವೇ. ಒಂದು ಪದ ಹೆಚ್ಚಿಗೆ ಆಡಲಿಲ್ಲ. ಆಡುವ ಅಗತ್ಯವೇ ಬೀಳಲಿಲ್ಲ.

ನಗೋ ರೂಮು. ಹೆಂಡತಿಯನ್ನೂ ಒಳಗೆ ಕರೆದರು. ಗಡ್ಡ ಕೋಟು ಬಿಚ್ಚಿ ಹಲ್ಲು ಕಿರಿದ. ಅವನು ಹೋದ ಪ್ರಾಣ ಬಂದವನ ಹಾಗೆ ಕೂತ. ನೀರು ಕುಡಿದ. ನನ್ನತ್ತ ಬೆರಳು ತೋರಿಸಿದ.

“ನೀನು. ಬಲಗಡೆ ಕೂತಿದ್ದೋಳು. ಅಬ್ಬಾ, ಏನು ನಟನೆ! ರೆಪ್ಪೆ ಬಡೀಲಿಲ್ಲ. ಯಾರಮ್ಮ ನಿನಗೆ ಕಲಿಸಿದ್ದು?”

ಹತ್ತೊಂಬತ್ತರಲ್ಲಿ ಈ ಮಾತಿಗಾಗಿ ಪ್ರಾಣ ಕೊಡುತ್ತಿದ್ದೆ. ಈಗಲೂ ಒಂದು ಕ್ಷಣ — ನಾಚಿಕೆಗೇಡು — ಎದೆ ಉಬ್ಬಿತು. ಅದಕ್ಕೇ ಇನ್ನೂ ಸಿಟ್ಟು ಬಂತು.

“ನಟನೆ ಅಲ್ಲ ಸರ್.”

ಹೇಳಿದೆ. ಎಲ್ಲ. ಕೋರ್ಟು, ಹಸಿರು ಬಟ್ಟೆ, ಸಿಳ್ಳೆ, ನಕ್ಕ ವಕೀಲ, ‘ನಿಂತಿರ್ಲಿ, ಬುದ್ಧಿ ಬರುತ್ತೆ’. ಗಡ್ಡ ತಡೆಯಲು ನೋಡಿದ. ಒಂದೂ ಮಾತು ತೊದಲಲಿಲ್ಲ ನಾನು. ಅವನು ಬಾಯಿ ಬಿಟ್ಟು ಕೇಳುತ್ತಿದ್ದ.

“ಆ ನಿರ್ದೇಶಕರು ಯಾರು ಗೊತ್ತಾ ಸರ್? ನೀವೇ.”

“ನಾನಾ?” ಹೆಂಡತಿ ಕಡೆ ತಿರುಗಿದ.

ಅವಳು ನನ್ನನ್ನೇ ನೋಡುತ್ತಿದ್ದಳು. ಗುರುತು ಸಿಕ್ಕಿತ್ತು. “ಹೂಂ. ನೀವೇ,” ಅಂದಳು. “ನಾನೂ ಅಲ್ಲೇ ಇದ್ದೆ.”

ಅವನ ಮುಖ ಬಿಳಿಚಿಕೊಂಡಿತು. ಲೋಟ ಮೇಜಿನ ಮೇಲಿಡಲು ಹೋಗಿ ಬೀಳಿಸಿದ. ನಾನು ಎತ್ತಿಕೊಡಲಿಲ್ಲ.

ಜೂನ್ 13

ಮೇಡಂ ಕೂಗಾಡಲಿಲ್ಲ. ಅದೇ ಕಷ್ಟ. “ನಂಬಿ ಬಂದವರನ್ನ ನಂಬಿಕೆಯಿಂದ ಮನೆಗೆ ಕಳಿಸ್ಬೇಕಿತ್ತು ನೀವು. ಇನ್ನು ಬರಬೇಡಿ.” ಕೋಟು ಕೊಟ್ಟುಬಂದೆ.

ಅಕ್ಕ: “ಸಮಾಧಾನ ಆಯ್ತಾ ತಾಯಿ? ಇದ್ದೊಂದು ಕೆಲಸಾನೂ ಕಳ್ಕೊಂಡೆ.”

ಆಯ್ತು. ಆಗಿದೆ. ಬಾಡಿಗೆ ಮಾತು ಆಮೇಲೆ. ಅವನೂ ಈಗ ಹಲ್ಲುಜ್ಜುತ್ತಾ ನೆನೆಸಿಕೊಳ್ಳುತ್ತಿರಬೇಕು.

ಜೂನ್ 19, ಗುರುವಾರ

ಇವತ್ತು ಅವನನ್ನು ‘ಏನು ಉಳೀತು’ ಅಂತ ಕೇಳುವ ದಿನ. ಒಳಗೆ ಬಿಡೋದಿಲ್ಲ ಅಂತ ಗೊತ್ತು. ಹೊರಗೆ ಮೆಟ್ಟಿಲ ಹತ್ತಿರ ನಿಲ್ಲೋದಕ್ಕೆ ಯಾರಪ್ಪಣೆ ಬೇಕು? ಅವನ ಮುಖ ನೋಡಬೇಕಿತ್ತು. ಅಲ್ಲಿ ನಾನಿದ್ದೇನಾ ಅಂತ.

ಹೆಂಡತಿ ಕೈಹಿಡಿದು ಇಳಿಸಿಕೊಂಡು ಬಂದಳು. ನನ್ನನ್ನು ಕಂಡು ನಿಂತಳು. ಬೈಯುತ್ತಾಳೆ ಅಂದುಕೊಂಡೆ. “ಬೆಳಗ್ಗೆ ತಿಂದಿದ್ದು ನೆನಪಿಲ್ಲ ಇವರಿಗೆ,” ಅಂದಳು. “ನೀನು ಹೇಳಿದ್ದು ಮಾತ್ರ ದಿನಾ ಹೇಳ್ತಾರೆ.”

ಗೆದ್ದೆ ಅಂತ ಮನಸ್ಸು ಕುಣಿಯಿತು.

ಅವನ ಮುಖ ಅರಳಿತು. “ನೀನಲ್ವಾ! ಬಲಗಡೆ ಕುರ್ಚಿ!” ನನ್ನ ಎರಡೂ ಕೈ ಹಿಡಿದುಕೊಂಡ. ಹೇಳತೊಡಗಿದ. ಕೋರ್ಟು. ಹಸಿರು ಬಟ್ಟೆ. ಕತ್ತಿನವರೆಗೆ ಗುಂಡಿ. ಸಿಳ್ಳೆ. ವಕೀಲನ ಪಾತ್ರದವನೂ ನಕ್ಕದ್ದು. ಒಂದೂ ಬಿಡಲಿಲ್ಲ, ಒಂದೂ ತಪ್ಪಲಿಲ್ಲ. ಹೇಳುತ್ತಾ ಹೇಳುತ್ತಾ ಕಣ್ಣು ಕೆಂಪಾದವು.

“ಹತ್ತೊಂಬತ್ತರ ಹುಡುಗಿನ ಹಾಗೆ ನಿಲ್ಲಿಸೋದಾ? ಎಂಥಾ ನೀಚ ಅವನು! ರಾತ್ರಿ ನಿದ್ದೆ ಬರಲ್ಲ ಕಣಮ್ಮ ನಂಗೆ, ಅವನನ್ನ ನೆನೆಸ್ಕೊಂಡ್ರೆ. ಯಾರವನು? ಇದ್ದಾನಾ ಇನ್ನೂ?”

ಹೆಂಡತಿ ನೆಲ ನೋಡುತ್ತಿದ್ದಳು. ‘ಅದು ನೀವೇ’ ಅಂತ ಎಷ್ಟು ಸಲ ಹೇಳಿರಬೇಕು ಅವಳೂ. ಎಲ್ಲ ಅಂಟಿಕೊಂಡಿದೆ, ಅದೊಂದು ಬಿಟ್ಟು.

ಅವನ ಹಿಡಿತ ಬಿಗಿಯಾಯಿತು. ಸಿಟ್ಟಿಗೆ. ನನ್ನ ಪರವಾಗಿ ಇಷ್ಟು ಸಿಟ್ಟು ಮಾಡಿಕೊಂಡವರು ಈ ಜನ್ಮದಲ್ಲಿ ಇನ್ನೊಬ್ಬರಿಲ್ಲ.

“ಹೆಸರು ಹೇಳು. ನಾನೇ ಹೋಗಿ ಕೇಳ್ತೀನಿ ಅವನನ್ನ. ಬಿಡಬಾರದು.”

ಹೆಸರು ನಾಲಿಗೆಯ ಮೇಲೇ ಇತ್ತು. ಕೈ ಬಿಡಿಸಿಕೊಳ್ಳಲು ನೋಡಿದೆ. ಅವನು ಬಿಡಲಿಲ್ಲ, “ಅಳಬೇಡಮ್ಮ, ನಾನಿದ್ದೀನಲ್ಲ” ಅಂದ. ಆಗಲೇ ಗೊತ್ತಾಗಿದ್ದು, ನಾನು ಅಳುತ್ತಿದ್ದೇನೆ ಅಂತ.