ಹಾಳೆಯಲ್ಲಿಲ್ಲದ ಗಂಟು

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಅಕ್ಕನಿಗೆ ತಮ್ಮನ ನಮಸ್ಕಾರಗಳು.

ಎರಡು ತಿಂಗಳಿಂದ ಒಂದು ಸಾಲೂ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ. ಬೈದುಕೋ, ಆದರೆ ಪೂರ್ತಿ ಓದು.

ರಿಟೈರಾದ ಬಸ್ ಕಂಡಕ್ಟರನಿಗೆ ಮೆಡಿಕಲ್ ಕಾಲೇಜಿನಲ್ಲಿ ಎಂಥ ಕೆಲಸ ಎಂದು ಕೇಳಿದ್ದೆಯಲ್ಲ? ರೋಗಿಯಾಗುವ ಕೆಲಸ! ಹೊಸ ಕಾಲೇಜು, ಗೋಡೆಯ ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ನಿಜವಾದ ರೋಗಿಗಳ ಹತ್ತಿರ ಬಿಡುವ ಮೊದಲು ಮಕ್ಕಳು ನಮ್ಮಂಥವರ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ. ಎಲ್ಲಿ ನೋವು, ಎಂದಿನಿಂದ ಎಂದೆಲ್ಲ ಬರೆದ ಹಾಳೆಯೊಂದನ್ನು ನಮಗೆ ಕೊಟ್ಟಿರುತ್ತಾರೆ. ಅದರಲ್ಲಿಲ್ಲದ್ದನ್ನು ಕೇಳಿದರೆ "ಇಲ್ಲ" ಅನ್ನಬೇಕು, ಅಷ್ಟೇ. ಹೊಟ್ಟೆನೋವಿನ ನಟನೆಯಲ್ಲಿ ನಾನು ಎತ್ತಿದ ಕೈ. ಮೊದಮೊದಲು ನನ್ನ ಅಂಗಿಯ ಗುಂಡಿಯ ಮೇಲೆ ಸ್ಟೆತಸ್ಕೋಪಿಟ್ಟು ಎದೆಬಡಿತ ಹುಡುಕುತ್ತಿದ್ದವರು ಈಗ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಮುಟ್ಟುತ್ತಾರೆ. ನೋಡಿದರೆ ಹೆಮ್ಮೆಯಾಗುತ್ತದೆ.

ಅವರಲ್ಲಿ ಒಬ್ಬ ಹುಡುಗಿಯನ್ನು ಎಲ್ಲರೂ 'ಆಮೆ' ಅನ್ನುತ್ತಾರೆ, ಅಷ್ಟು ನಿಧಾನ. ಆಗಲೇ ಒಂದು ಸಲ ಫೇಲಾಗಿದ್ದಾಳೆ. ಈ ಸಲವೂ ಹೋದರೆ ಕಾಲೇಜು ಬಿಡಬೇಕು. ಮೊನ್ನೆ ಪರೀಕ್ಷೆಯಲ್ಲಿ ನಾನೇ ಅವಳ ರೋಗಿ. ಹತ್ತೇ ನಿಮಿಷ. ಹೊಟ್ಟೆಗಿಂತ ಮೊದಲು ಕುತ್ತಿಗೆ ಮುಟ್ಟಿದವಳು ಅಲ್ಲೇ ನಿಂತುಬಿಟ್ಟಳು.

"ಅಂಕಲ್, ಇಲ್ಲೊಂದು ಗಂಟಿದೆ. ಎಷ್ಟು ದಿನದಿಂದ?"

"ಇಲ್ಲಮ್ಮ, ಏನೂ ಇಲ್ಲ."

"ನಿಜ ಹೇಳಿ. ನುಂಗೋಕೆ ಕಷ್ಟ ಆಗ್ತಿದೆಯಾ?"

"ಇಲ್ಲ."

ಮತ್ತೆ ಮತ್ತೆ ಒತ್ತಿ ನೋಡಿದಳು. ಬೆಲ್ಲು ಹೊಡೆಯಿತು; ಹೊಟ್ಟೆ ನೋಡಲೇ ಇಲ್ಲ. ಪಕ್ಕದಲ್ಲೇ ನಿಂತು ಅಂಕ ಹಾಕುತ್ತಿದ್ದ ಪ್ರೊಫೆಸರ್ ಕಿಡಿಕಿಡಿಯಾದರು. "ಹಾಳೇಲಿ ಇಲ್ಲದ ಗಂಟನ್ನ ಎಲ್ಲಿಂದ ತಂದೆ? ಅವರೇ ಇಲ್ಲ ಅಂತಿದಾರಲ್ಲ!"

"ಕೈಗೆ ಸಿಕ್ತು ಸರ್" ಎಂದಳು. ಉತ್ತರದ ಹಾಳೆಯಲ್ಲಿ ಅವಳು 'ಕುತ್ತಿಗೆಯಲ್ಲಿ ಗಂಟು' ಎಂದು ಬರೆದದ್ದರ ಮೇಲೆ ಅವರು ಗೀಟು ಎಳೆದರು. ಬಾಗಿಲಲ್ಲಿ ಮುಂದಿನವರು ಕಾಯುತ್ತಿದ್ದರು, ನನ್ನ ಕುತ್ತಿಗೆಯತ್ತ ಯಾರೂ ನೋಡಲಿಲ್ಲ.

ಸೋಮವಾರ ಫಲಿತಾಂಶ. ನನಗೆ ಅಂದಿನಿಂದ ಊಟ ಸೇರುತ್ತಿಲ್ಲ. ನಿನ್ನೆ ಕಾರಿಡಾರಿನಲ್ಲಿ ಅವಳೇ ಬಂದು, "ಪರೀಕ್ಷೆ ಹಾಳಾಗ್ಲಿ ಬಿಡಿ ಅಂಕಲ್, ಒಂದ್ಸಲ ಡಾಕ್ಟರಿಗೆ ತೋರಿಸ್ಕೊಳ್ಳಿ" ಎಂದಳು. ನಾನು ಏನೋ ತಮಾಷೆ ಮಾಡಿ ಜಾರಿಕೊಂಡೆ.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಮಂಡಿ ಜೋಪಾನ. ಸಂಜೆ ಬಸ್ಸಿನ ಡ್ರೈವರ್ ನಮ್ಮವನೇ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ನಿನ್ನ ತಮ್ಮ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ ಅಕ್ಕಾ. ಗಂಟು ಇದೆ. ಮೂರು ತಿಂಗಳಿಂದ ಗಡ್ಡ ಕೆರೆಯುವಾಗ ಕೈಗೆ ಸಿಗುತ್ತಿದೆ, ತುತ್ತು ಇಳಿಯಲು ನೀರು ಬೇಕು. ಹೆದರಿಕೊಂಡು ಅವಳಿಗೆ "ಇಲ್ಲ" ಎಂದೆ. ನಿಯಮ ನೆಪಕ್ಕೆ ಸಿಕ್ಕಿತು. ಸೋಮವಾರ ಹತ್ತಕ್ಕೆ ಪಟ್ಟಿ ಹಚ್ಚುತ್ತಾರೆ. ಅಷ್ಟರೊಳಗೆ ಪ್ರೊಫೆಸರರ ಕೈ ಹಿಡಿದು ನನ್ನ ಕುತ್ತಿಗೆಯ ಮೇಲಿಡಬೇಕು, ಆ ಗೀಟು ತೆಗೆಸಬೇಕು. ಭಾನುವಾರವೇ ಬಂದುಬಿಡು. ಒಬ್ಬನೇ ಅವರ ಕೋಣೆಗೆ ಹೋಗಲಾರೆ.