ನಮ್ಮಕ್ಕ ತುಂಬಿದ ಉಡಿ, ನಿಮ್ಮ ಗೇಟಿನ ಗೋಡೆಯ ಮೇಲೆ ನನ್ನ ಮುಖ

ಮಾನ್ಯ ಅರಮನೆ ಆಡಳಿತಾಧಿಕಾರಿಗಳೇ,

ಮೊದಲು ಖರ್ಚಿನ ಬಾಬ್ತು ಹೇಳಿಬಿಡುತ್ತೇನೆ. ಸಿದ್ದಾಪುರದ ಗದ್ದೆಯ ಹೊಸ ಅಕ್ಕಿ ಐದು ಬೊಗಸೆ. ತೆಂಗಿನಕಾಯಿ ಒಂದು. ಕುಬಸದ ಖಣ ಒಂದು. ಅರಿಷಿಣ ಕೊಂಬು, ಎಲೆ ಅಡಿಕೆ, ಒಂದು ಹೆಂಟೆ ಬೆಲ್ಲ, ಅರಿಷಿಣ ಸವರಿದ ಹತ್ತರ ನೋಟು. ಇದಿಷ್ಟು ನಮ್ಮಕ್ಕನ ಕಡೆಯಿಂದ. ನನ್ನ ಕಡೆಯಿಂದ ಒಂದು ಟವೆಲ್ಲು ಮತ್ತು ಒಂದು ಮುಖ. ಟವೆಲ್ಲು ನಿಮ್ಮ ಕಚೇರಿಯ ಕಪಾಟಿನಲ್ಲಿದೆ, ಮುಖ ನಿಮ್ಮ ಗೇಟಿನ ಗೋಡೆಯ ಮೇಲಿದೆ. ಟವೆಲ್ಲು ಇಟ್ಟುಕೊಳ್ಳಿ. ಮುಖ ನನಗೆ ವಾಪಸ್ ಬೇಕು.

ನೀವು ಬೆಂಗಳೂರಿನಲ್ಲಿ ಕಾಯುತ್ತಿರುವ ಆ ಅರಮನೆಯ ಟಿಕೆಟ್ ಕಿಟಕಿಯ ಪಕ್ಕದಲ್ಲಿ ಒಂದು ಫಲಕವಿದೆ. ‘ಪ್ರವಾಸಿಗರೇ ಎಚ್ಚರ! ಇವರಿಂದ ದೂರವಿರಿ’ ಎಂದು ಕನ್ನಡ, ಇಂಗ್ಲಿಷ್, ಹಿಂದಿ ಮೂರರಲ್ಲೂ ಕೆಂಪಕ್ಷರದಲ್ಲಿ ಬರೆಸಿದ್ದೀರಿ. ಕೆಳಗೆ ಜೇಬುಗಳ್ಳರ, ನಕಲಿ ಹರಳು ಮಾರುವವರ ಫೋಟೋಗಳು. ಅವರ ನಡುವೆ ನಾನು. ಉಳಿದವರೆಲ್ಲ ಎದೆಯುಬ್ಬಿಸಿ ಕ್ಯಾಮೆರಾ ನೋಡುತ್ತಿದ್ದಾರೆ. ನಾನೊಬ್ಬನೇ ತಲೆ ತಗ್ಗಿಸಿ, ಎರಡೂ ಕೈಯಲ್ಲಿ ಟವೆಲ್ಲು ಒಡ್ಡಿ ನಿಂತಿದ್ದೇನೆ. ಒಬ್ಬ ಬಿಳಿ ಹೆಣ್ಣುಮಗಳು ಅದರೊಳಗೆ ನೋಟು ಹಾಕುತ್ತಿದ್ದಾಳೆ. ಅಡಿಬರಹ: ‘ವಿದೇಶಿ ಪ್ರವಾಸಿಗರಿಂದ ಹಣ ವಸೂಲಿ’. ಚಿತ್ರ ಖರೆ ಐತಿ. ಅಕ್ಷರ ಸುಳ್ಳು.

ನಾನು ಯಾರೆಂದು ಕೇಳುವ ಗೋಜಿಗೆ ನಿಮ್ಮವರು ಹೋಗಲಿಲ್ಲ, ನಾನೇ ಹೇಳುತ್ತೇನೆ. ಗಂಗಾವತಿ ತಾಲೂಕಿನ ಹೊಳೆದಂಡೆಯವನು. ಮೊದಲು ಪ್ರವಾಸಿಗರಿಗೆ ಎಳನೀರು ಕೆತ್ತಿ ಕೊಟ್ಟೆ. ಆಮೇಲೆ ಹಳೆಯ ಮೊಪೆಡ್ಡು ಬಾಡಿಗೆಗೆ ಬಿಟ್ಟೆ. ಈಗ ಮೂರು ಕೋಣೆಯ ಹೋಂಸ್ಟೇ, ಒಂದು ಕಾರು. ಸಾಲಿಯಲ್ಲಿ ನಾಪಾಸಾದ ಇಂಗ್ಲಿಷನ್ನು ಗಿರಾಕಿಗಳ ಹತ್ತಿರ ಪಾಸು ಮಾಡಿಕೊಂಡೆ. ವ್ಯಾಪಾರಸ್ಥ, ಸಾಧುಸಂತ ಅಲ್ಲ. ಲಾಭ ಬಂದರೆ ಬಾಗಿಲು ಹಾಕುವವನೂ ಅಲ್ಲ. ಆದರೆ ಮೋಸ ಮಾಡುವುದಿದ್ದರೆ ಹನ್ನೆರಡು ದಿನ ನಮ್ಮ ಮನೆಯಲ್ಲಿ ಉಂಡುಕೊಂಡಿದ್ದವರಿಗೆ ಅಲ್ಲೇ ಮಾಡಬಹುದಿತ್ತಲ್ಲ? ಊಟ ಕಟ್ಟಿಕೊಂಡು, ದಿನಪೂರ್ತಿ ಗಾಡಿ ಹೊಡೆದು, ನಿಮ್ಮ ಕ್ಯಾಮೆರಾದ ಕೆಳಗೇ ಬಂದು ನಿಂತು ಮಾಡಬೇಕಿತ್ತೇ?

ಫೋಟೋದಲ್ಲಿ ನೋಟು ಹಾಕುತ್ತಿರುವ ಹೆಣ್ಣುಮಗಳು ಮಾರ್ತಾ, ಆಕೆಯ ಗಂಡ ಪಾವೆಲ್. ಪೋಲೆಂಡಿನವರು. ಪಾವೆಲ್ ಜೀವನವಿಡೀ ಗಡಿಯಾರ ರಿಪೇರಿ ಮಾಡಿದವನು. ಮಾರ್ತಾಳದು ಬ್ರೆಡ್ಡಿನ ಭಟ್ಟಿ. ನಮ್ಮ ಹೋಂಸ್ಟೇಯ ಅಡುಗೆಮನೆ ನಮ್ಮಕ್ಕ ಹುಲಗಮ್ಮನದು. ಅಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ, ಮಾರ್ತಾಳಿಗೆ ಕನ್ನಡ ಬರುವುದಿಲ್ಲ. ಇಬ್ಬರೂ ಹಿಟ್ಟು ನಾದುತ್ತ ಹನ್ನೆರಡು ದಿನ ಮಾತು ನಿಲ್ಲಿಸಲಿಲ್ಲ. ಮೂರನೆಯ ದಿನಕ್ಕೇ ಆಕೆ ‘ಮಾರ್ತವ್ವ’ ಆದಳು. ಅವರ ವಿಮಾನ ಬೆಂಗಳೂರಿನಿಂದ. ಹೋಗುವ ಮುಂಚೆ ದೊಡ್ಡ ಊರು ನೋಡಬೇಕು, ಅದರಲ್ಲೂ ನಿಮ್ಮ ಅರಮನೆಯ ಹಳೆಯ ಗಡಿಯಾರಗಳನ್ನು ನೋಡಬೇಕು ಎಂದು ಪಾವೆಲ್ ಮಗುವಿನಂತೆ ಹಟ ಹಿಡಿದ. ನಾನೇ ಗಾಡಿ ತೆಗೆದೆ.

ಹೊರಡುವ ಹೊತ್ತಿಗೆ ಅಕ್ಕ ಮಾರ್ತಾಳನ್ನು ಪಡಸಾಲೆಯಲ್ಲಿ ಮಣೆಯ ಮೇಲೆ ಕೂಡಿಸಿ, ಕುಂಕುಮ ಹಚ್ಚಿ, ಉಡಿ ತುಂಬಿದಳು. ನಮ್ಮ ಕಡೆ ಮನೆಯ ಹೆಣ್ಣುಮಗಳು ಹೊಸ್ತಿಲು ದಾಟಿ ದೂರ ಹೋಗುವಾಗ ಸೆರಗಿನಲ್ಲಿ ಅಕ್ಕಿ, ಕಾಯಿ, ಖಣ ಹಾಕಿ ಕಳಿಸುತ್ತೇವೆ. ಪೋಲೆಂಡಿನವಳಿಗೆ ಸೆರಗೆಲ್ಲಿಯದು? ಅಕ್ಕ ತನ್ನದೇ ಒಂದು ಇಳಕಲ್ ಸೀರೆಯ ತುಂಡನ್ನು ಆಕೆಯ ಮಡಿಲ ಮೇಲೆ ಹಾಸಿದಳು.

“ಇದನ್ನ ನೆಲಕ್ಕ ಇಡಬ್ಯಾಡವ್ವ. ಯಾರ ಕೈಯಾಗೂ ಬರೇ ಗಂಟು ಅಂತ ಕೊಡಬ್ಯಾಡ. ನಿಮ್ಮೂರು ಮುಟ್ಟಿದ ಮ್ಯಾಲ ಈ ಅಕ್ಕೀದ ಅನ್ನ ಮಾಡಿ ಗಂಡ ಹೆಂಡತಿ ಉಣ್ರಿ. ಅಲ್ಲೀಗೆ ನಾ ನಿಮ್ಮ ಮನಿಗೆ ಬಂದಂಗಾತು.”

ನಾನು ಅನುವಾದ ಮಾಡಿದೆ. ಮಾರ್ತಾ ಒಂದೊಂದನ್ನೂ ಬೆರಳಲ್ಲಿ ಮುಟ್ಟಿ ಕ್ರಮ ಕೇಳಿಕೊಂಡಳು: ಮೊದಲು ಅಕ್ಕಿ, ಆಮೇಲೆ ಕಾಯಿ, ಖಣ, ಕೊಂಬು, ಕಡೆಗೆ ನೋಟು. ಬ್ರೆಡ್ಡಿನ ಹದ ಕೇಳಿದಂತೆ ಕೇಳಿದಳು. ಆಮೇಲೆ ಅಕ್ಕ ಅದೇ ಸೀರೆಯ ತುಂಡಿನಲ್ಲಿ ಎಲ್ಲವನ್ನೂ ಗಂಟು ಕಟ್ಟಿದಳು.

ಬೆಂಗಳೂರಿನ ಮೊದಲ ಸಂಜೆಯನ್ನು ಚುಟುಕಾಗಿ ಹೇಳುತ್ತೇನೆ. ನಾನು ಗಾಡಿ ನಿಲ್ಲಿಸಿ ಮಲಗಿದ್ದೆ; ಅವರಿಬ್ಬರೇ ರಿಕ್ಷಾ ಹತ್ತಿ ಮಾರುಕಟ್ಟೆ ನೋಡಲು ಹೋದರು. ರಿಕ್ಷಾದವನು ಮಾರುಕಟ್ಟೆ ಮುಚ್ಚಿದೆ ಎಂದು ಹೇಳಿ ಮೂರು ಗಾಲೀಚೆ ಅಂಗಡಿ ತೋರಿಸಿದ. ಕಡೆಯ ಅಂಗಡಿಯಲ್ಲಿ ಚಹಾ ಕುಡಿದ ಸಂಕೋಚಕ್ಕೆ ಪಾವೆಲ್ ಒಂದು ಗಾಲೀಚೆ ಕೊಂಡ. ಉದ್ಯಾನದಲ್ಲಿ ಜನ ಸಾಲು ನಿಂತು ಅವರ ಜೊತೆ ಸೆಲ್ಫಿ ತೆಗೆಸಿಕೊಂಡರು. ಒಬ್ಬಾತ ತನ್ನ ಕೂಸನ್ನು ಕೇಳದೆಯೇ ಮಾರ್ತಾಳ ಕಂಕುಳಿಗೆ ಕೊಟ್ಟನಂತೆ. ಕೂಸು ಅತ್ತಿತು, ಫೋಟೋ ಬಂತು. “ಇಲ್ಲಿ ಎಲ್ಲರೂ ನಮ್ಮ ಚಿತ್ರ ತಗೊಂಡ್ರು, ನಮ್ಮ ಹೆಸರು ಯಾರೂ ಕೇಳಲಿಲ್ಲ,” ಎಂದು ಆಕೆ ನಗುತ್ತಲೇ ಹೇಳಿದಳು. ಒಬ್ಬ ಹೂವಿನ ಮುದುಕಿ ಮಾತ್ರ ಉಡಿಯ ಗಂಟು ನೋಡಿ, ದುಡ್ಡು ಬೇಡವೆಂದು ಮೊಳ ಮಲ್ಲಿಗೆ ಮುಡಿಸಿದಳಂತೆ. ನಿಮ್ಮ ಊರಿನ ಲೆಕ್ಕದಲ್ಲಿ ಆ ಒಂದು ಮೊಳ ಜಮಾ ಇದೆ. ಬರೆದುಕೊಳ್ಳಿ.

ಮರುದಿನ ನಿಮ್ಮ ಗೇಟು. ಮಾರ್ತಾ ಗಂಟನ್ನು ಎದೆಗವಚಿಕೊಂಡೇ ಇದ್ದಳು. ಗಾಡಿ ನಿಲ್ಲಿಸಲು ಜಾಗ ಸಿಕ್ಕಿದ್ದು ಎಲ್ಲೋ ದೂರದ ಓಣಿಯಲ್ಲಿ. ಕಾವಲುಗಾರ ಗಂಟು ಬಿಚ್ಚಿಸಿ ನೋಡಿದ.

“ತೆಂಗಿನಕಾಯಿ ಒಳಗೆ ಬಿಡಲ್ಲ.”

“ಯಾಕ್ರಿ? ಕಾಯಿ ಏನ್ ಮಾಡ್ತೈತಿ?”

“ಎಸೆದ್ರೆ ಗಾಜು ಒಡೆಯುತ್ತೆ ಸಾರ್. ಅಕ್ಕಿನೂ ಬಿಡಲ್ಲ, ಚೆಲ್ಲಿದ್ರೆ ಇಲಿ ಬರ್ತವೆ. ಅಗೋ ಡಬ್ಬ ಇದೆ, ಹಾಕ್ಬಿಟ್ಟು ಹೋಗೋಕೆ ಹೇಳಿ.”

ಕಸದ ಡಬ್ಬ! ನಾನು ಅನುವಾದ ಮಾಡಲಿಲ್ಲ. ಆತನ ಬೆರಳು ನೋಡಿಯೇ ಆಕೆಗೆ ಗೊತ್ತಾಯಿತು. “ಬ್ಯಾಡ,” ಎಂದಳು. ನಮ್ಮಕ್ಕನಿಂದ ಕಲಿತ ನಾಲ್ಕಾರು ಶಬ್ದಗಳಲ್ಲಿ ಒಂದು. ತಾನು ಹೊರಗೇ ಇರುತ್ತೇನೆಂದು ಪಾವೆಲ್ ಅಂದ. ಗಡಿಯಾರಕ್ಕೆಂದೇ ಬಂದವನು ನೀನು, ನಡಿ ಎಂದು ಆಕೆ ಗದರಿಸಿದಳು. ಕಡೆಗೆ ನಾನು ಹೇಳಿದೆ: ನೀವು ಬರುವವರೆಗೆ ನಾನು ಹಿಡಿದುಕೊಂಡು ನಿಲ್ಲುತ್ತೇನೆ.

ಇಲ್ಲಿಯೇ ನಾನು ತಪ್ಪು ಮಾಡಿದ್ದು. ನಮ್ಮ ಪಡಸಾಲೆಯಲ್ಲಿ ಮಾಡುವುದನ್ನು ನಿಮ್ಮ ಗೇಟಿನ ಮುಂದೆ ಮಾಡಿದೆ. ಬರೇ ಗಂಟು ಅಂತ ಯಾರ ಕೈಗೂ ಕೊಡಬೇಡ ಎಂದು ಅಕ್ಕ ಹೇಳಿದ್ದಳಲ್ಲ, ಮಾರ್ತಾ ಅದನ್ನು ಮರೆತಿರಲಿಲ್ಲ; ಉಡಿ ತುಂಬಿದಂತೆಯೇ ಕೊಡುತ್ತೇನೆಂದಳು. ನಾನು ಹೆಗಲ ಮೇಲಿನ ಟವೆಲ್ಲು ತೆಗೆದು ಒಡ್ಡಿದೆ, ತಲೆ ಬಾಗಿಸಿದೆ. ತಲೆ ಎತ್ತಿಕೊಂಡು ಉಡಿ ಹಿಡಿದವರನ್ನು ನಮ್ಮೂರಲ್ಲಿ ನಾನು ಕಂಡಿಲ್ಲ. ಆಕೆ ಒಂದೊಂದಾಗಿ ಹಾಕಿದಳು: ಅಕ್ಕಿ, ಕಾಯಿ, ಖಣ, ಕೊಂಬು. ಕಡೆಗೆ ನಮ್ಮಕ್ಕನ ಹತ್ತರ ನೋಟು. ನಿಮ್ಮ ಕ್ಯಾಮೆರಾ ಅಷ್ಟೂ ಹೊತ್ತು ಕಣ್ಣು ತೆರೆದೇ ಇತ್ತು. ನಿಮ್ಮವರಿಗೆ ಕಂಡದ್ದು ನೋಟು ಮಾತ್ರ.

ಅವರು ಒಳಗೆ ಹೋಗುವುದಕ್ಕೂ ಮೇಲ್ವಿಚಾರಕರೊಬ್ಬರು ನನ್ನ ತೋಳು ಹಿಡಿಯುವುದಕ್ಕೂ ಸರಿಹೋಯಿತು.

“ಏನಯ್ಯಾ, ಎಷ್ಟು ಕಿತ್ಕೊಂಡೆ?”

“ಕಿತ್ಗೊಂಡಿಲ್ರಿ ಸಾಹೇಬ್ರ, ಉಡಿ ಹಿಡದೀನಿ.”

“ಗೈಡ್ ಕಾರ್ಡ್ ತೋರ್ಸು.”

“ನಾ ಗೈಡ್ ಅಲ್ರಿ. ಗಾಡಿ ಹೊಡೀತೀನಿ.”

“ಮತ್ತೆ ಅವರಿಗೂ ನಿನಗೂ ಏನ್ ಸಂಬಂಧ?”

“ನಮ್ಮಕ್ಕ ಉಡಿ ತುಂಬ್ಯಾಳ್ರಿ ಅವರಿಗೆ.”

“ಅದೂ ಒಂದ್ ಸಂಬಂಧಾನಾ?”

ಮಾನ್ಯರೇ, ಈ ಪ್ರಶ್ನೆಗೆ ಉತ್ತರ ನೀವೇ ಹೇಳಬೇಕು. ನಿಮ್ಮ ಅರಮನೆಯ ಗೋಡೆಗಳ ತುಂಬ ಯಾವ ರಾಣಿ ಯಾವ ಊರಿನಿಂದ ಬಂದಳೆಂದು ಬರೆಸಿ ಗಾಜು ಹಾಕಿಸಿದ್ದೀರಲ್ಲ, ಅವರೆಲ್ಲ ಉಡಿ ತುಂಬಿಸಿಕೊಳ್ಳದೆ ಬಂದರೇ? ಬಂದಾಗ ಅವರ ಕಾಯಿಯನ್ನೂ ಗೇಟಿನಲ್ಲಿ ಇಳಿಸಿಕೊಂಡಿರೇ?

ಗಡಿಯಾರ ನೋಡಿ ಹೊರಬಂದ ಗಂಡ ಹೆಂಡಿರು ನನ್ನನ್ನು ಹುಡುಕಿಕೊಂಡು, ನಿಮ್ಮವರು ನನ್ನನ್ನು ಕೂಡಿಸಿದ್ದ ಕಚೇರಿಯ ಕೋಣೆಗೇ ಬಂದರು. ಮಾರ್ತಾ ತನ್ನ ಮುರುಕು ಇಂಗ್ಲಿಷಿನಲ್ಲಿ ವಿವರಿಸತೊಡಗಿದಳು. ಮೇಲ್ವಿಚಾರಕರಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಉಳಿದರ್ಧ ನಾನು ಹೇಳುತ್ತೇನೆಂದರೆ, “ಆರೋಪಿನೇ ಭಾಷಾಂತರ ಮಾಡೋ ಹಾಗಿಲ್ಲ,” ಎಂದರು. ಕಡೆಗೆ ಆಕೆ ಒಂದು ಹಾಳೆ ಇಸಿದುಕೊಂಡು, ಈ ಮನುಷ್ಯ ನನ್ನಿಂದ ಏನನ್ನೂ ತೆಗೆದುಕೊಂಡಿಲ್ಲ ಎಂದು ಬರೆದು ಸಹಿ ಮಾಡಿದಳು. ನನ್ನನ್ನು ಬಿಟ್ಟರು. ಗಂಟನ್ನು ಬಿಡಲಿಲ್ಲ, ಅದು ಸಾಕ್ಷ್ಯವಂತೆ. ಟವೆಲ್ಲು ಸಮೇತ ಕಪಾಟಿಗೆ ಸೇರಿತು. ಆ ರಾತ್ರಿ ಮಾರ್ತಾ ಖಾಲಿ ಉಡಿಯಲ್ಲಿ ವಿಮಾನ ಹತ್ತಿದಳು. ನಿಲ್ದಾಣದ ಬಾಗಿಲಲ್ಲಿ ನಿಂತು, “ಅಕ್ಕನಿಗೆ ಹೇಳಬೇಡ,” ಎಂದಳು.

ನಾನು ಹೇಳಲಿಲ್ಲ. ಹೇಳಿದ್ದು ನಿಮ್ಮ ಫಲಕ.

ತಿಂಗಳು ಕಳೆದಿರಬೇಕು. ಗಂಗಾವತಿಯಲ್ಲಿ ನನ್ನ ಗಾಡಿ ರಿಪೇರಿ ಮಾಡುವ ಸಾದಿಕ ಫೋನು ಹಿಡಿದುಕೊಂಡು ಗ್ಯಾರೇಜಿನಿಂದ ಓಡಿ ಬಂದ. “ಅಣ್ಣಾ, ನೀ ಭಾರಿ ಮನಷ್ಯಾ ಆಗೀಯಲ್ಲೋ! ಬೆಂಗಳೂರಾಗ ಅರಮನಿ ಗ್ವಾಡಿ ಮ್ಯಾಲ ಅದೀಯಲ್ಲ!” ಯಲಬುರ್ಗಾದ ಮಾಸ್ತರರ ತಂಡವೊಂದು ಪ್ರವಾಸಕ್ಕೆ ಹೋಗಿ, ಫಲಕದ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡು ಊರಿಗೆಲ್ಲ ಕಳಿಸಿತ್ತು. ಸಾದಿಕ ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ. “ತಗಸು ಅಣ್ಣಾ ಅದನ್ನ. ಗಿರಾಕಿ ನೋಡಿದ್ರ ಏನಂದಾರು?” ಅಷ್ಟರಲ್ಲಿ ಗಿರಾಕಿಗಳು ನೋಡಿಯೂ ಆಗಿತ್ತು. ಬೆಂಗಳೂರಿನಿಂದ ನೇರ ನಮ್ಮಲ್ಲಿಗೆ ಬರಬೇಕಿದ್ದ ಜರ್ಮನಿಯ ಒಂದು ಸಂಸಾರ ನಮ್ಮ ಹೋಂಸ್ಟೇಯ ವೆಬ್‌ಸೈಟಿನಲ್ಲಿ ಕಂಡಿದ್ದ ನನ್ನ ಮುಖವನ್ನು ನಿಮ್ಮ ಗೇಟಿನಲ್ಲೇ ಗುರುತು ಹಿಡಿದು ಕೋಣೆ ರದ್ದು ಮಾಡಿತ್ತು. ಸೌಜನ್ಯಕ್ಕೆಂದು ಅವರು ಕಾರಣ ಬರೆದಿರಲಿಲ್ಲ. ಫೋಟೋ ಮಾತ್ರ ಲಗತ್ತಿಸಿದ್ದರು.

ಅಕ್ಕನೂ ಫೋಟೋ ನೋಡಿದಳು; ಗಂಟು ಕಪಾಟು ಸೇರಿದ್ದನ್ನೂ ಹೇಳಬೇಕಾಯಿತು. ಅಂದಿನಿಂದ ಕೂತಲ್ಲಿ ಕೂರಲಾಗುವುದಿಲ್ಲ. ಇರಕಲ್ಲಗಡಕ್ಕೆ ಹೊರಟವನು ಯಲಬುರ್ಗಾ ಬಸ್ ಸ್ಟ್ಯಾಂಡಿನ ಮುಂದೆ ಗಾಡಿ ನಿಲ್ಲಿಸಿಕೊಂಡು, ಯಾಕೆ ಬಂದೆ ಎಂದು ಯೋಚಿಸುತ್ತ ಕೂತಿರುತ್ತೇನೆ. ಹೊಸಬರು ಬಂದು ಕೈಕುಲುಕಿದರೆ, ಇವರು ಆ ಗೇಟಿನಿಂದ ಬಂದವರೋ ಎಂದು ಮುಖ ನೋಡುತ್ತೇನೆ. ನಿಮ್ಮ ಕಚೇರಿಗೆ ಫೋನು ಮಾಡಿದೆ. ದೂರುದಾರರು ದೂರು ಹಿಂತೆಗೆದರೆ ಫೋಟೋ ತೆಗೆಯುತ್ತೇವೆ ಎಂದರು.

“ದೂರು ಕೊಟ್ಟವರು ಯಾರ್ರಿ?”

ಕಾಗದ ತಿರುವಿದ ಸದ್ದು. “ಇಲ್ಲಿ ‘ಸಿಸಿ ಕ್ಯಾಮೆರಾ’ ಅಂತ ಬರೆದಿದೆ.”

“ಹಂಗಾರ ಅದರ ಕೈಯಾಗ ಫೋನ್ ಕೊಡ್ರಿ, ನಾ ಮಾತಾಡ್ತೀನಿ.”

ಫೋನು ಇಟ್ಟುಬಿಟ್ಟರು. ಮಾರ್ತಾ ಪೋಲೆಂಡಿನಿಂದ ನಿಮಗೆ ಇಮೇಲ್ ಬರೆದಳು. ‘ತಾವು ಈ ಪ್ರಕರಣದಲ್ಲಿ ದೂರುದಾರರಲ್ಲವಾದ್ದರಿಂದ ತಮ್ಮ ಮನವಿಯನ್ನು ಪರಿಗಣಿಸಲಾಗದು’ ಎಂದು ಉತ್ತರ ಹೋಯಿತು. ಸುಲಿಗೆಗೆ ಒಳಗಾದವಳು ಎಂದು ಫಲಕದ ಮೇಲೆ ಆಕೆಯನ್ನು ನಿಲ್ಲಿಸಿದವರು ನೀವು. ಸುಲಿಗೆ ಆಗಿಲ್ಲ ಎಂದು ಆಕೆ ಹೇಳಿದರೆ, ನಿನಗೂ ಇದಕ್ಕೂ ಸಂಬಂಧವಿಲ್ಲ ಎನ್ನುವವರೂ ನೀವು. ಇಷ್ಟು ನಯವಾಗಿ ಅಳೆದು ಕಡಿಮೆ ಕೊಡುವ ಕಲೆ ನಮ್ಮ ಗಂಗಾವತಿ ಸಂತೆಯಲ್ಲೂ ನಾನು ನೋಡಿಲ್ಲ.

ಇದೆಲ್ಲವನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಹೋದ ವಾರ ಒಬ್ಬ ಫ್ರೆಂಚ್ ಹುಡುಗಿ ನಮ್ಮ ಮನೆಯಿಂದ ಹೊರಟಳು. ಜ್ವರ ಬಂದು ಎರಡು ದಿನ ಅಕ್ಕನ ಕೈಯಿಂದಲೇ ಗಂಜಿ ಕುಡಿದವಳು. ಅಕ್ಕ ಬಾಗಿಲಿಗೆ ಬಂದಳು, ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಬಾಳೆಹಣ್ಣು ಕೊಟ್ಟಳು, ಒಳಗೆ ಹೋದಳು. ಮಣೆ ಹಾಕಲಿಲ್ಲ, ಕುಂಕುಮದ ಬಟ್ಟಲು ತೆಗೆಯಲಿಲ್ಲ.

“ಯಾಕಕ್ಕ, ಉಡಿ ತುಂಬಲಿಲ್ಲ?”

“ನಾ ತುಂಬಿದ್ದಕ್ಕ ನಿನ್ನ ಮಾರಿ ಗ್ವಾಡಿ ಹತ್ತೇತಿ. ಇನ್ನ ಆ ಹುಡಿಗೀದೂ ಹತ್ತಸಬೇಕೇನು?” ಒಲೆ ಊದುತ್ತ ಅಂದಳು. ಒಲೆಗೆ ಕಟ್ಟಿಗೆ ಒಟ್ಟಿ ಮತ್ತೆ ಅಂದಳು: “ಅವರು ಫೋಟೋ ತಗೀಲಿ, ಬಿಡ್ಲಿ. ಆ ಅಕ್ಕಿಗೆ ಹುಳ ಬೀಳೂದರಾಗ ಯಾರಿಗರೆ ಅನ್ನಾ ಮಾಡಿ ಉಣ್ಣಾಕ ಹೇಳು. ಉಡಿ ಅಕ್ಕಿ ಅದು.”

ಆದ್ದರಿಂದ ಮಾನ್ಯರೇ, ಬೇಡಿಕೆ ಎರಡು. ಒಂದು ನನ್ನದು: ಆ ಫೋಟೋ ಇಳಿಸಿ. ಇಳಿಸಲು ನಿಯಮವಿಲ್ಲದಿದ್ದರೆ ಅದೇ ಕ್ಯಾಮೆರಾದ ಮುಂದಿನ ಚಿತ್ರವನ್ನು ಪಕ್ಕದಲ್ಲಿ ಹಾಕಿ. ನೋಟು ಹಾಕಿದ ಮೇಲೆ ಮಾರ್ತಾ ನಾಲ್ಕು ಕಾಳು ಅಕ್ಕಿ ಎತ್ತಿ ನನ್ನ ತಲೆಯ ಮೇಲೆ ಉದುರಿಸಿದ್ದಾಳೆ. ಸುಲಿಗೆಗೆ ಒಳಗಾದ ಯಾವ ಹೆಣ್ಣುಮಗಳು ಸುಲಿದವನನ್ನು ಹೀಗೆ ಹರಸುತ್ತಾಳೆ? ಜನ ನೋಡಿ ತೀರ್ಮಾನಿಸಲಿ. ಎರಡನೆಯದು ನಮ್ಮಕ್ಕನದು: ಕಪಾಟು ತೆರೆಯಿರಿ. ಕಾಯಿ ಕೆಟ್ಟಿರಬಹುದು, ಬೆಲ್ಲ ಇರುವೆಗೆ ಹೋಗಿರಬಹುದು. ಅಕ್ಕಿಯನ್ನು ಆರಿಸಿ, ತೊಳೆದು, ಅನ್ನ ಮಾಡಿ ಉಣ್ಣಿ. ಆ ಕಾವಲುಗಾರನನ್ನೂ ಮೇಲ್ವಿಚಾರಕರನ್ನೂ ಪಂಕ್ತಿಯಲ್ಲಿ ಕೂಡಿಸಿಕೊಳ್ಳಿ. ಸಾಕ್ಷ್ಯ ಹಾಳಾಗುತ್ತದೆಂದು ಹೆದರಬೇಡಿ. ದೂರುದಾರ ಕ್ಯಾಮೆರಾಕ್ಕೆ ಹಸಿವಿಲ್ಲ.

ಕಡೆಗೆ, ಯಾರಿಗೆ ಏನು ಬಂತೆಂಬ ಲೆಕ್ಕ. ರಿಕ್ಷಾದವನಿಗೆ ಕಮಿಷನ್ನು ಬಂತು. ಅಂಗಡಿಯವನ ಒಂದು ಗಾಲೀಚೆ ಖರ್ಚಾಯಿತು. ಪಾವೆಲ್‌ಗೆ ಗಡಿಯಾರ ನೋಡಲು ಸಿಕ್ಕವು, ಎಲ್ಲವೂ ನಿಂತಿದ್ದವಂತೆ. ಯಲಬುರ್ಗಾದ ಮಾಸ್ತರರಿಗೆ ಒಂದು ಫೋಟೋ ಬಂತು. ನಿಮಗೆ ತಿಂಗಳ ವರದಿಗೊಂದು ಪ್ರಕರಣ ಬಂತು. ನನಗೆ ರಾಜಧಾನಿಯಲ್ಲಿ ಬಾಡಿಗೆಯಿಲ್ಲದ ಜಾಗ ಬಂತು. ಮಾರ್ತಾಳಿಗೆ ಒಂದು ಮೊಳ ಮಲ್ಲಿಗೆ ಬಂತು. ನಮ್ಮಕ್ಕನಿಗೆ ಏನೂ ಬಂದಿಲ್ಲ.

ಇಂತಿ,
ನಿಮ್ಮ ಫಲಕದ ಎರಡನೆಯ ಸಾಲಿನಲ್ಲಿ, ಎಡದಿಂದ ಮೂರನೆಯವನು,
ತಲೆ ತಗ್ಗಿಸಿದ್ದರಿಂದ ಮುಖ ಪೂರಾ ಕಾಣದಿದ್ದರೆ: ವಿರುಪಾಕ್ಷಿ, ಹುಲಗಮ್ಮನ ತಮ್ಮ